ಏಳಕ್ಕೆ ಕಟ್ಟಿ ಒಂದಕ್ಕೆ ಬಿಚ್ಚುವ ಬುತ್ತಿ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಊಟದ ಡಬ್ಬಿಯದ್ದೇ. ಕಾಫಿ ಕೊಯ್ಲಿನ ಕಾಲವಾದ್ದರಿಂದ ತೋಟಕ್ಕೆ ಹೋಗುವವರು ಇನ್ನೂ ಮಂಜು ಬಿಡುವ ಮೊದಲೇ ಬುತ್ತಿ ಕಟ್ಟುತ್ತಿದ್ದಾರೆ. ಸಂತೆಯಲ್ಲಿ ಸೊಗಡವರೆ ರಾಶಿ ಬಿದ್ದಿದೆ. ಕೇಳಿರುವ ರೀತಿ ಬೇರೆಬೇರೆ ಇದ್ದರೂ ಎಲ್ಲರ ಸಂಕಟ ಒಂದೇ: ಒಲೆಯಿಂದ ಇಳಿಸಿದಾಗ ಚೆನ್ನಾಗಿದ್ದದ್ದು ಮಧ್ಯಾಹ್ನಕ್ಕೆ ಯಾಕೆ ಹೀಗಾಯಿತು? ತಟ್ಟೆಗೆ ಬಡಿಸುವ ಅಡುಗೆಗೂ ಡಬ್ಬಿಗೆ ತುಂಬುವ ಅಡುಗೆಗೂ ನಡುವೆ ಐದಾರು ಗಂಟೆಯ ಅಂತರವಿದೆ. ಆ ಐದಾರು ಗಂಟೆಯನ್ನು ಲೆಕ್ಕಕ್ಕೆ ಹಿಡಿದೇ ನೀರು, ಉಪ್ಪು, ಹುಳಿ ಎಲ್ಲವನ್ನೂ ಹಾಕಬೇಕು.

ಪ್ರ: ಮಗನಿಗೆ ವಾರಕ್ಕೆ ಎರಡು ದಿನ ಮೊಸರನ್ನ ಕಳಿಸುತ್ತೇನೆ. ಬೇಸಿಗೆಯಲ್ಲಿ ಬಾಯಿಗಿಡಲಾಗದಷ್ಟು ಹುಳಿ, ಈಗ ಚಳಿಯಲ್ಲಿ ಮುದ್ದೆ ಕಟ್ಟಿದ ಹಾಗೆ ಒಣಗಿರುತ್ತದೆ. ಪಾಲಿಶ್ ಮಾಡದ ಅಕ್ಕಿಯಲ್ಲಿ ಮಾಡಬಹುದೇ?
– ಗೃಹಿಣಿ, ಚಿಕ್ಕಮಗಳೂರು

ಉ: ಡಬ್ಬಿಗೆ ಹಾಕುವ ಮೊಸರನ್ನದಲ್ಲಿ ಮೊಸರು ಹೆಸರಿಗಷ್ಟೇ ಇರಬೇಕು, ಹಾಲು ಜಾಸ್ತಿ ಇರಬೇಕು. ಬೆಳಗ್ಗೆ ಅದು ಹಾಲನ್ನವಾಗಿಯೇ ಇದ್ದು, ಶಾಲೆಯ ಬ್ಯಾಗಿನೊಳಗೇ ಹೆಪ್ಪಾಗಿ, ಊಟದ ಬೆಲ್ ಹೊಡೆಯುವ ಹೊತ್ತಿಗೆ ಮೊಸರನ್ನವಾಗಬೇಕು.

ಒಂದು ಬಟ್ಟಲು ಮೆತ್ತಗೆ ಬೆಂದ ಅನ್ನವನ್ನು ಬಿಸಿಯಿರುವಾಗಲೇ ಸೌಟಿನ ಬೆನ್ನಲ್ಲಿ ಮಸೆಯಿರಿ. ಕಾಯಿಸಿ ಆರಿಸಿದ ಹಾಲು ಮುಕ್ಕಾಲು ಬಟ್ಟಲು ಸೇರಿಸಿ ಕಲಸಿ. ಬೆರಳು ಇಟ್ಟರೆ ಹಿತವಾಗುವಷ್ಟು ಬೆಚ್ಚಗಾದ ಮೇಲೆ ಮಾತ್ರ ಮೊಸರು ಹಾಕಿ: ಬೇಸಿಗೆಯಲ್ಲಿ ಒಂದು ಟೀ ಚಮಚ, ಈಗಿನ ಚಳಿಗೆ ಎರಡು ದೊಡ್ಡ ಚಮಚ. ಮೊಸರು ಹಿಂದಿನ ದಿನದ್ದಾಗಿರಲಿ, ಮೂರು ದಿನದ ಹಳೆಯದು ಬೇಡ. ಹಳೆಯ ಮೊಸರಿನಲ್ಲಿ ಹುಳಿ ಆಗಲೇ ತುಂಬಿರುತ್ತದೆ, ಅದು ಅನ್ನಕ್ಕೂ ಇಳಿಯುತ್ತದೆ. ಸುಡುವ ಅನ್ನಕ್ಕೆ ಮೊಸರು ಹಾಕಿದರೆ ಒಡೆದು ನೀರು ಬಿಡುತ್ತದೆ, ಜೊತೆಗೆ ಹೆಪ್ಪಿನ ಜೀವವೂ ಸತ್ತು ಹಾಲು ಹಾಲಾಗಿಯೇ ಉಳಿಯುತ್ತದೆ.

ಒಣಗುವುದಕ್ಕೆ ಕಾರಣ ಬೇರೆ. ಅನ್ನ ಮಧ್ಯಾಹ್ನದವರೆಗೂ ಹಾಲನ್ನು ಹೀರುತ್ತಲೇ ಇರುತ್ತದೆ. ಹಾಗಾಗಿ ತುಂಬುವಾಗ 'ಇಷ್ಟು ನೀರಾಯಿತಲ್ಲ' ಅನ್ನಿಸಬೇಕು, ಗಂಜಿಗಿಂತ ತುಸು ಗಟ್ಟಿ, ಅಷ್ಟೇ. ಡಬ್ಬಿಯನ್ನು ಕುತ್ತಿಗೆಯವರೆಗೆ ತುಂಬಿದರೆ ಮೇಲ್ಪದರ ಒಣಗುವುದೂ ಕಡಿಮೆ.

ಪಾಲಿಶ್ ಮಾಡದ ಅಕ್ಕಿ ಧಾರಾಳವಾಗಿ ಆಗುತ್ತದೆ. ಹೊಳೆನರಸೀಪುರ, ಅರಕಲಗೂಡು ಕಡೆಯ ರಾಜಮುಡಿ ಸಿಕ್ಕರೆ ಬಿಡಬೇಡಿ. ತೌಡು ಹೋಗದ ರಾಜಮುಡಿಯನ್ನು ಒಂದು ಗಂಟೆ ನೆನೆಸಿ, ಒಂದು ಲೋಟಕ್ಕೆ ಮೂರು ಲೋಟ ನೀರಿಟ್ಟು, ಸಣ್ಣ ಉರಿಯಲ್ಲಿ ನಾಲ್ಕೈದು ವಿಷಲ್ ಕೂಗಿಸಿ. ನೆನೆಸದೆ ಇಟ್ಟರೆ ಹೊರಗೆ ಬೆಂದು ಒಳಗೆ ಗಟ್ಟಿಯಾಗಿ ಉಳಿದು, ಆರಿದ ಮೇಲೆ ಅಗಿಯಲಾಗದೆ ಮಕ್ಕಳು ಉಗುಳುತ್ತಾರೆ. 'ಕೆಂಪಕ್ಕಿ ನನ್ನ ಮಗಳು ತಿನ್ನಲ್ಲ' ಎನ್ನುವವರ ಮನೆಯಲ್ಲಿ ಎಷ್ಟೋ ಸಲ ತಪ್ಪು ಅಕ್ಕಿಯದ್ದಲ್ಲ, ನೆನೆಸುವ ಸಮಯದ್ದು.

ಸೌತೆಕಾಯಿ ತುರಿದು ಕಲಸಬೇಡಿ, ಉಪ್ಪು ತಗುಲಿ ನೀರು ಬಿಟ್ಟು ಇಡೀ ಡಬ್ಬಿ ತೆಳ್ಳಗಾಗುತ್ತದೆ. ಕ್ಯಾರೆಟ್ ತುರಿ, ದಾಳಿಂಬೆ ಕಾಳು, ಒಗ್ಗರಣೆಯಲ್ಲಿ ಬಾಡಿಸಿದ ಶುಂಠಿ ಸರಿ. ಮೊಸರನ್ನ ಒಂದೇ ಇದ್ದರೆ ಊಟ ಪೂರ್ತಿಯಾಗುವುದಿಲ್ಲ. ಪಕ್ಕದ ಪುಟ್ಟ ಡಬ್ಬಿಯಲ್ಲಿ ಹೆಸರುಕಾಳು ಉಸಲಿಯೋ ಬೀನ್ಸ್ ಪಲ್ಯವೋ ಇರಲಿ.

ಪ್ರ: ನಮ್ಮ ಮನೆಯ ಅಕ್ಕಿರೊಟ್ಟಿ ಕಾವಲಿಯಿಂದ ತೆಗೆದಾಗ ಹೂವಿನ ಹಾಗಿರುತ್ತದೆ. ಮಧ್ಯಾಹ್ನ ನೋಡಿದರೆ ಚರ್ಮ. ಮೃದುವಾಗಲೆಂದು ಎಣ್ಣೆ ಜಾಸ್ತಿ ಹಾಕಿದೆ, ಪ್ರಯೋಜನವಾಗಲಿಲ್ಲ.
– ಅರಕಲಗೂಡು

ಉ: ಬೆಂದ ಅಕ್ಕಿಯ ಪಿಷ್ಟ ಆರುತ್ತಾ ಆರುತ್ತಾ ಮತ್ತೆ ಬಿಗಿದುಕೊಳ್ಳುವುದು ಅದರ ಗುಣ. ತಣ್ಣಗಿದ್ದಷ್ಟೂ ಬೇಗ ಬಿಗಿಯುತ್ತದೆ. ಮೇಲೆ ಸುರಿದ ಎಣ್ಣೆ ಅದನ್ನು ತಡೆಯುವುದಿಲ್ಲ. ಹಿಟ್ಟಿನೊಳಗೆ ನೀರನ್ನು ಹಿಡಿದಿಡುವ ಏನಾದರೂ ಬೇಕು, ಹಿಟ್ಟು ಮೊದಲೇ ಅರ್ಧ ಬೆಂದಿರಬೇಕು.

ಡಬ್ಬಿಗೆ ಉಕ್ಕರಿಸಿದ ರೊಟ್ಟಿಯೇ ಲೇಸು. ಒಂದೂಕಾಲು ಲೋಟ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಮಳ್ಳಿಸಿ. ನೀರು ಕುಣಿಯುವಾಗ ಒಂದು ಲೋಟ ಅಕ್ಕಿಹಿಟ್ಟು ಸುರಿದು, ಕಲಕದೆ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬಿಡಿ. ಇಳಿಸಿ ತಿರುವಿ, ಮತ್ತೆ ಐದು ನಿಮಿಷ ಮುಚ್ಚಿಡಿ. ಆಮೇಲೆ ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟ ಅಥವಾ ಆಗಷ್ಟೇ ಮಾಡಿದ ಅನ್ನ ಕಾಲು ಲೋಟ ನುಣ್ಣಗೆ ಮಸೆದು ಸೇರಿಸಿ, ಕೈ ಒದ್ದೆ ಮಾಡಿಕೊಂಡು ಬಿಸಿಯಲ್ಲೇ ನಾದಿ. ಹಿಟ್ಟು ಆರಿದ ಮೇಲೆ ನಾದಿದರೆ ಅಂಚು ಬಿರಿಯುತ್ತದೆ. ಬಿರಿದ ಅಂಚೇ ಮೊದಲು ಗಟ್ಟಿಯಾಗುವ ಜಾಗ.

ಇನ್ನೊಂದು ತಪ್ಪು ಉರಿಯದ್ದು. 'ಸೀದುಹೋಗುತ್ತೆ' ಎಂದು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದರೆ ರೊಟ್ಟಿಯೊಳಗಿನ ನೀರೆಲ್ಲ ಆರಿಹೋಗುತ್ತದೆ. ಕಾವಲಿ ಚೆನ್ನಾಗಿ ಕಾದಿರಬೇಕು, ಉರಿ ಜೋರಾಗಿರಬೇಕು, ರೊಟ್ಟಿ ಬೇಗ ಬೇಗ ಏಳಬೇಕು. ತೆಗೆದದ್ದನ್ನು ಒಂದರ ಮೇಲೊಂದು ಹತ್ತಿ ಬಟ್ಟೆಯಲ್ಲಿ ಸುತ್ತಿ. ಹಬೆ ಹೊಡೆಯುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ನೀರು ತೊಟ್ಟಿಕ್ಕಿ ಮೇಲಿನ ರೊಟ್ಟಿ ಅಂಟಂಟಾಗುತ್ತದೆ. ಹತ್ತು ನಿಮಿಷ ಬಿಟ್ಟು, ಕೈಗೆ ಬೆಚ್ಚಗಿರುವಾಗ ತುಂಬಿ. ಡಬ್ಬಿಯ ಅಡಿಗೂ ಮೇಲಕ್ಕೂ ಬಾಳೆಲೆ ಹಾಸಿ. ಎಲೆಯನ್ನು ಉರಿಯ ಮೇಲೆ ಅತ್ತ ಇತ್ತ ಆಡಿಸಿದರೆ ಮಂಕು ಹಸಿರು ಹೋಗಿ ಮಿರಮಿರ ಹೊಳೆಯುತ್ತದೆ, ಆಮೇಲೆ ಮಡಿಸಿದರೂ ಸೀಳುವುದಿಲ್ಲ.

ತರಕಾರಿ ಹಾಕಿ ತಟ್ಟುವ ರೊಟ್ಟಿಯಾದರೆ ಎರಡು ಲೋಟ ಹಿಟ್ಟಿಗೆ ಅರ್ಧ ಲೋಟ ಮಸೆದ ಅನ್ನ, ಒಂದು ಬಟ್ಟಲು ತುರಿದ ಸೌತೆಕಾಯಿ, ಅರ್ಧ ಬಟ್ಟಲು ಕಾಯಿತುರಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಜೀರಿಗೆ. ಉಪ್ಪನ್ನು ಕಡೆಯಲ್ಲಿ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು, ನೀವು ಹಿಟ್ಟು ಸೇರಿಸಿ, ಮತ್ತೆ ಅದೇ ಗಟ್ಟಿ ರೊಟ್ಟಿಗೆ ಬಂದು ನಿಲ್ಲುತ್ತೀರಿ.

ರೊಟ್ಟಿಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಬಿಸಿಗೂ ಎಣ್ಣೆಗೂ ಮಸಿ ಕರಗಿ ರೊಟ್ಟಿಗೆ ಹತ್ತುತ್ತದೆ. 2018ರ ಆಹಾರ ಪ್ಯಾಕಿಂಗ್ ನಿಯಮಗಳಲ್ಲಿ ಇದನ್ನು ನಿಷೇಧಿಸಿಯೇ ಇದ್ದಾರೆ.

ಪ್ರ: ನಾನು ಎಸ್ಟೇಟ್ ರೈಟರ್. ಬೆಳಗ್ಗೆ ಆರೂವರೆಗೆ ಅನ್ನ, ಹುಳಿ ತುಂಬಿಸಿಕೊಂಡು ಹೊರಟರೆ ಊಟ ಒಂದೂವರೆಗೆ. ಕೆಲವು ದಿನ ಹುಳಿಯಲ್ಲಿ ಗುಳ್ಳೆ ಬಂದು ಹಳಸಿರುತ್ತದೆ. ಕೆಲವು ದಿನ ವಾಸನೆಯೇನೂ ಇರುವುದಿಲ್ಲ, ಆದರೂ ಊಟವಾದ ಒಂದೆರಡು ಗಂಟೆಗೆ ವಾಂತಿ. ಬಿಸಿಬಿಸಿಯೇ ತುಂಬಿಸಿ ಬಿಗಿಯಾಗಿ ಮುಚ್ಚುತ್ತೇವೆ, ಆದರೂ ಯಾಕೆ?
– ಮೂಡಿಗೆರೆ ತಾಲ್ಲೂಕು

ಉ: 'ಬಿಸಿಬಿಸಿ ತುಂಬಿಸಿ ಬಿಗಿಯಾಗಿ ಮುಚ್ಚಿದೆ' ಎನ್ನುವಲ್ಲೇ ತೊಡಕಿದೆ. ಆಹಾರ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿ ಹಬ್ಬ. ಮಾಮೂಲಿ ಸ್ಟೀಲ್ ಡಬ್ಬಿಯಲ್ಲಿ ಬಿಸಿ ಹುಳಿ ಮುಚ್ಚಿಟ್ಟರೆ ಸುಡುವ ಬಿಸಿ ಬೇಗ ಇಳಿದು, ಉಗುರುಬೆಚ್ಚಗೆ ಗಂಟೆಗಟ್ಟಲೆ ನಿಲ್ಲುತ್ತದೆ. ಅದಕ್ಕೇ ದಾರಿ ಎರಡೇ. ಒಂದೋ ಊಟದ ಹೊತ್ತಿನವರೆಗೂ ನಿಜವಾಗಿ ಸುಡುವಂತಿರಬೇಕು, ಇಲ್ಲವೇ ತುಂಬುವ ಮೊದಲೇ ಆರಿರಬೇಕು, ನೀರು ಕಡಿಮೆ ಇರಬೇಕು. ನಡುವಿನದು ಕೆಟ್ಟದ್ದು.

ವಾಸನೆ ಇಲ್ಲದೆಯೂ ವಾಂತಿ ಎಂದಿದ್ದೀರಿ. ರಾತ್ರಿಯ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು ಬೆಳಗ್ಗೆ ಚಿತ್ರಾನ್ನ ಕಲಸುತ್ತೀರಾ ನೋಡಿಕೊಳ್ಳಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅವು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ರಾತ್ರಿಯಿಡೀ ಬೆಳೆದು ವಿಷ ಬಿಡುತ್ತವೆ, ಆ ವಿಷ ಬೆಳಗ್ಗೆ ಒಗ್ಗರಣೆಯಲ್ಲಿ ಎಷ್ಟು ಹುರಿದರೂ ಹೋಗುವುದಿಲ್ಲ. ರುಚಿ, ವಾಸನೆ ಯಾವುದರಲ್ಲೂ ಗೊತ್ತಾಗುವುದಿಲ್ಲ. ರಾತ್ರಿ ಅನ್ನ ಮಿಕ್ಕರೆ ಅಗಲದ ತಟ್ಟೆಯಲ್ಲಿ ಹರವಿ ಆರಿಸಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮಾರನೆಯ ದಿನವೇ ಹಬೆಯಾಡುವಷ್ಟು ಬಿಸಿ ಮಾಡಿ ಮುಗಿಸಿ. ಫ್ರಿಜ್ ಇಲ್ಲವೆಂದರೆ ಡಬ್ಬಿಯ ಅನ್ನವನ್ನು ಬೆಳಗ್ಗೆಯೇ ಮಾಡಿ. ವಾಂತಿ ಮತ್ತೆ ಮತ್ತೆ ಬರುತ್ತಿದ್ದರೆ ಡಬ್ಬಿಯನ್ನಷ್ಟೇ ದೂರದೆ ವೈದ್ಯರಿಗೂ ತೋರಿಸಿ.

ಹುಳಿ ಬಿಸಿಯೇ ಬೇಕೆಂದರೆ ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್ ಕೊಳ್ಳಿ. ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಟ್ಟು ಚೆಲ್ಲಿ. ಹುಳಿಯನ್ನು ಮರಳಿಸಿ, ಅದೇ ಕುದಿಯಲ್ಲೇ ಕಂಠಮಟ್ಟ ತುಂಬಿ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ತಣಿಯುತ್ತದೆ, ಆದ್ದರಿಂದ ನಿಮ್ಮ ಊಟದ ಅಳತೆಯದ್ದೇ ಇರಲಿ. ರಜೆಯ ದಿನ ಒಮ್ಮೆ ಮನೆಯಲ್ಲೇ ತುಂಬಿಟ್ಟು ಒಂದೂವರೆಗೆ ತೆಗೆದು ನೋಡಿ. ಹಬೆ ಏಳಬೇಕು, ನಾಲಿಗೆ ಚುರ್ ಅನ್ನಬೇಕು. ಬರೀ ಬೆಚ್ಚಗಿದ್ದರೆ ಆ ಫ್ಲಾಸ್ಕ್ ನಿಮ್ಮ ಏಳು ಗಂಟೆಗೆ ಸಾಲದು.

ಫ್ಲಾಸ್ಕ್ ಬೇಡವೆಂದರೆ ತೆಂಗಿನಕಾಯಿ ರುಬ್ಬಿದ ಹುಳಿಯನ್ನು ಬುತ್ತಿಗೆ ಕಟ್ಟಬೇಡಿ. ಹಸಿ ಕಾಯಿ ಬಿದ್ದದ್ದೇ ಮೊದಲು ಹಳಸುವುದು. ಚೆನ್ನಾಗಿ ಬಾಡಿಸಿದ ಪಲ್ಯ, ಹುರಳಿಕಾಳಿನ ಗಟ್ಟಿ ಗೊಜ್ಜು, ಹುಣಸೆಹುಳಿಯ ಪುಳಿಯೋಗರೆ, ಆಗ ಮಾಡಿದ ಅನ್ನದ ನಿಂಬೆ ಚಿತ್ರಾನ್ನ, ರೊಟ್ಟಿ – ಇವು ತಡೆಯುತ್ತವೆ. ಹುಳಿಯಂಶವೂ ಒಣಗಿದ ಗುಣವೂ ಬ್ಯಾಕ್ಟೀರಿಯಾಗೆ ಆಗಿಬರುವುದಿಲ್ಲ. ಡಬ್ಬಿಯನ್ನು ಜೀಪಿನ ಗಾಜಿನ ಹಿಂದೆ ಬಿಸಿಲಿಗೆ ಇಡದೆ ಮರದ ನೆರಳಿಗೆ ನೇತುಹಾಕಿ.

ಪ್ರ: ಎರಡನೇ ಕ್ಲಾಸಿನ ಮಗಳು. ಡಬ್ಬಿ ತುಂಬಿದ್ದು ತುಂಬಿದಂತೆಯೇ ವಾಪಸ್ ಬರುತ್ತದೆ. ಮನೆಗೆ ಬಂದ ಮೇಲೆ ಬಿಸ್ಕತ್ತಿಗೆ ಹಟ. ಬೈದೂ ಆಯಿತು, ಪುಸಲಾಯಿಸಿಯೂ ಆಯಿತು.
– ಹಾಸನ

ಉ: ಬೈಯುವ ಮೊದಲು ಡಬ್ಬಿಯನ್ನು ಅವಳ ಕೈಗೇ ಕೊಟ್ಟು ತೆಗೆಯಲು ಹೇಳಿ. ಬಿಸಿ ಅನ್ನ ತುಂಬಿ ಬಿಗಿಯಾಗಿ ಮುಚ್ಚಿದ ಡಬ್ಬಿ ಆರಿದಾಗ ಒಳಗಿನ ಗಾಳಿ ಕುಗ್ಗಿ ಮುಚ್ಚಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದೊಡ್ಡವರಿಗೇ ಬರುವುದಿಲ್ಲ, ಏಳು ವರ್ಷದ ಕೈಗೆ ಎಲ್ಲಿಂದ ಬರಬೇಕು? ಟೀಚರನ್ನು ಕೇಳಲು ನಾಚಿಕೆ, ಹಾಗೇ ಮುಚ್ಚಿ ಬ್ಯಾಗಿಗೆ. ಆರಿಸಿ ತುಂಬಿ, ಕ್ಲಿಪ್ ಸಡಿಲವಿರುವ ಡಬ್ಬಿ ಕೊಡಿ.

ಆಮೇಲೆ ಸಮಯ ನೋಡಿ. ಊಟಕ್ಕೆ ಅರ್ಧ ಗಂಟೆ ಎಂದರೂ ಕೈ ತೊಳೆದು, ಸಾಲಿನಲ್ಲಿ ಕೂತು, ಮಾತಾಡಿ ಮುಗಿಸುವಷ್ಟರಲ್ಲಿ ತಿನ್ನಲು ಸಿಗುವುದು ಕಾಲು ಗಂಟೆ. ಭಾನುವಾರ ಅದೇ ಡಬ್ಬಿ, ಅದೇ ಊಟ ಕೊಟ್ಟು ಗಡಿಯಾರ ನೋಡಿ. ಹದಿನೈದು ನಿಮಿಷದಲ್ಲಿ ಎಷ್ಟು ತಿಂದಳೋ ಅಷ್ಟೇ ಅವಳ ಅಳತೆ. ಈ ವಯಸ್ಸಿಗೆ ಅಂದಾಜು ಒಂದು ಸಣ್ಣ ಬಟ್ಟಲು ಅನ್ನ ಅಥವಾ ಒಂದು ರೊಟ್ಟಿ, ಅರ್ಧ ಬಟ್ಟಲು ಕಾಳೋ ಬೇಳೆಯೋ ಮೊಟ್ಟೆಯೋ, ನಾಲ್ಕೈದು ತುಂಡು ತರಕಾರಿ, ಹಣ್ಣು. ಅಪ್ಪನ ಡಬ್ಬಿಯ ಅರ್ಧವನ್ನು ಅವಳಿಗೆ ತುಂಬಿ 'ತಿಂದೇ ಇಲ್ಲ' ಎನ್ನುವುದು ನ್ಯಾಯವಲ್ಲ. ರೊಟ್ಟಿಯನ್ನು ನಾಲ್ಕು ತುಂಡು ಮಾಡಿ, ಪಲ್ಯವನ್ನು ಒಳಗಿಟ್ಟು ಸುರುಳಿ ಸುತ್ತಿ. ಎರಡು ಕೈ ಬೇಕಾಗುವ, ಬಟ್ಟೆ ಮೇಲೆ ಚೆಲ್ಲುವ ಊಟ ಶಾಲೆಯಲ್ಲಿ ಹಿಂದೆ ಬೀಳುತ್ತದೆ.

ಹೊಸ ತರಕಾರಿಯನ್ನು ಡಬ್ಬಿಯಲ್ಲಿ ಪರೀಕ್ಷೆ ಮಾಡಲೇಬೇಡಿ. ಅದಕ್ಕೆ ರಾತ್ರಿಯ ಊಟವಿದೆ. ತಟ್ಟೆಯ ಅಂಚಿಗೆ ಒಂದು ಚಮಚ, ಒತ್ತಾಯವಿಲ್ಲದೆ, ಹತ್ತು ಹದಿನೈದು ಸಲ ಕಣ್ಣಿಗೆ ಬಿದ್ದ ಮೇಲೆ ಮಕ್ಕಳು ಸಾಮಾನ್ಯವಾಗಿ ಕೈ ಹಾಕುತ್ತಾರೆ. ಮೂರನೇ ಸಲಕ್ಕೇ ಸೋತು ಬಿಡುವವರೇ ಜಾಸ್ತಿ. ಡಬ್ಬಿಗೆ ಮಾತ್ರ ಅವಳಿಗೆ ಗುರುತಿರುವುದನ್ನೇ ಹಾಕಿ, ವಾರಕ್ಕೆ ಒಂದು ಬದಲಾವಣೆ ಸಾಕು. ಬೇಕಾದರೆ ಸಂಜೆಯೇ ಎರಡರಲ್ಲಿ ಒಂದನ್ನು ಆರಿಸಲು ಹೇಳಿ: 'ನಾಳೆ ಸೀಬೆಹಣ್ಣೋ, ಪುಟ್ಟಬಾಳೆಯೋ?' ಅವಳು ಆರಿಸಿದ್ದು ಅವಳ ಹೊಟ್ಟೆಗೇ ಹೋಗುವ ಸಂಭವ ಹೆಚ್ಚು.

ಶಾಲೆಯಿಂದ ಬಂದ ತಕ್ಷಣದ ಹಸಿವು ನಿಜವಾದ ಹಸಿವು. ಆ ಹೊತ್ತಿಗೆ ಬಿಸ್ಕತ್ತು ಸಿಕ್ಕರೆ ಮರುದಿನದ ಡಬ್ಬಿಯೂ ವಾಪಸ್ ಬರುತ್ತದೆ. ಆ ಹೊತ್ತಿಗೆ ಬೇಯಿಸಿದ ಕಡಲೆಕಾಯಿ, ಬೆಂದ ಗೆಣಸು, ಹುರಿಗಡಲೆ ಬೆಲ್ಲ, ಇಷ್ಟರಲ್ಲಿ ಒಂದು ಎದುರಿಗಿರಲಿ. ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಅದರ ಕೈಗೆ ಸಿಗದಂತೆ ನೋಡಿಕೊಳ್ಳಿ, ಗಂಟಲಿಗೆ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಬೀಜ, ಹುರಿಗಡಲೆ ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಬಹುದು.

ಪ್ರ: 'ಮಲ್ಟಿಗ್ರೇನ್' ಎಂದು ಬರೆದ ಬ್ರೆಡ್ಡು, ಬಿಸ್ಕತ್ತು ಡಬ್ಬಿಗೆ ಹಾಕಬಹುದೇ?
– ತರೀಕೆರೆ

ಉ: ಪೊಟ್ಟಣದ ಹಿಂಭಾಗ ತಿರುಗಿಸಿ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದು ಮೊದಲು ಬರುವಂತೆ ಬರೆಯಬೇಕೆಂಬ ನಿಯಮವಿದೆ. ಮೊದಲ ಹೆಸರು ಮೈದಾ, ಎರಡನೆಯದೋ ಮೂರನೆಯದೋ ಸಕ್ಕರೆ, ಪಾಮ್ ಎಣ್ಣೆ ಎಂದಿದ್ದು, ರಾಗಿ ಓಟ್ಸ್ ಕಡೆಯಲ್ಲಿ ಕಂಡರೆ ಅದು ಮೈದಾ ಬಿಸ್ಕತ್ತೇ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಒಳಗೂ ಸುತ್ತ 50 ಮೀಟರಿನೊಳಗೂ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2020ರಲ್ಲೇ ನಿಯಮ ಮಾಡಿದೆ. ಅದನ್ನೇ ನಾವು ಬ್ಯಾಗಿನಲ್ಲಿಟ್ಟು ಗೇಟಿನೊಳಗೆ ಕಳಿಸುವುದು ಬೇಡ.

ಪ್ರ: ಸಕ್ಕರೆ ಕಾಯಿಲೆ ಇದೆ, ಕಚೇರಿ ಕೆಲಸ. ಅನ್ನ ಬಿಟ್ಟು ರಾಗಿ ಮಾತ್ರ ತಿನ್ನುತ್ತಿದ್ದೇನೆ, ಆದರೂ ಊಟವಾದ ಮೇಲಿನ ಸಕ್ಕರೆ ಇಳಿದಿಲ್ಲ.
– ಹಾಸನ

ಉ: 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 78 ಗ್ರಾಂ ಹತ್ತಿರ, ರಾಗಿಯಲ್ಲಿ 67 ಗ್ರಾಂ ಹತ್ತಿರ. ಅಂತರ ಅಷ್ಟೇ. ರಾಗಿಯ ಲಾಭ ನಾರಿನಲ್ಲಿದೆ, ಅಕ್ಕಿಯ 3 ಗ್ರಾಂ ಒಳಗಿನ ನಾರಿಗೆ ಎದುರಾಗಿ ರಾಗಿಯಲ್ಲಿ 11 ಗ್ರಾಂ ಇದೆ. 'ರಾಗಿ ತಾನೇ' ಎಂದು ದೊಡ್ಡ ಮುದ್ದೆ ಎರಡು ಉಂಡರೆ ಆ ಲಾಭ ಅಲ್ಲಿಗೇ ಮುಗಿಯಿತು. ನುಣ್ಣಗೆ ಬೀಸಿ ಜರಡಿ ಹಿಡಿದ ಹಿಟ್ಟಿನ ಅಂಬಲಿ, ಮಾಲ್ಟು ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ. ಜರಡಿ ಹಿಡಿಯಬೇಡಿ.

ಡಬ್ಬಿಯ ಅಳತೆ ಹೀಗಿರಲಿ: ಅರ್ಧ ಭಾಗ ತರಕಾರಿ ಸೊಪ್ಪು, ಕಾಲು ಭಾಗ ಕಾಳು ಅಥವಾ ಮೊಟ್ಟೆ ಮೀನು, ಉಳಿದ ಕಾಲು ಭಾಗ ಮಾತ್ರ ರೊಟ್ಟಿಯೋ ಅನ್ನವೋ. ಹಾಸನದ ಆಲೂಗಡ್ಡೆ ಪಲ್ಯ ಎಷ್ಟೇ ಚೆನ್ನಾಗಿರಲಿ, ಈ ಲೆಕ್ಕದಲ್ಲಿ ಅದು ತರಕಾರಿಯ ಪಾಲಿಗೆ ಬರುವುದಿಲ್ಲ, ಅನ್ನದ ಪಾಲಿಗೆ ಬರುತ್ತದೆ. ಮೊದಲು ಕೋಸಂಬರಿ, ಪಲ್ಯ ಮುಗಿಸಿ ಆಮೇಲೆ ರೊಟ್ಟಿಗೆ ಬನ್ನಿ. ಔಷಧಿಯಲ್ಲಿರುವವರು ಊಟದ ಹೊತ್ತು ಮೀರಿಸಬಾರದು, ಪ್ರಮಾಣ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಿ.

ಪ್ರ: ಹೈಸ್ಕೂಲಿನ ಮಗಳಿಗೆ ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟಿದ್ದಾರೆ. ಡಬ್ಬಿಯಲ್ಲಿ ದಿನಾ ರಾಗಿ ರೊಟ್ಟಿ ಕಳಿಸಿದರೆ ಸಾಕಲ್ಲವೇ?
– ಶಿಕ್ಷಕಿ, ಕಡೂರು

ಉ: ರಾಗಿಯ ಹೆಗ್ಗಳಿಕೆ ಸುಣ್ಣದ ಅಂಶ, 100 ಗ್ರಾಂಗೆ 364 ಮಿಲಿಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕ ಹೇಳುತ್ತದೆ. ಕಬ್ಬಿಣ ಅದರಲ್ಲಿ ಸಾಧಾರಣ. ಕಬ್ಬಿಣಕ್ಕೆ ಹುರಳಿಕಾಳು ವಾಸಿ, ಜೊತೆಗೆ ದಂಟಿನ ಸೊಪ್ಪು, ನುಗ್ಗೆಸೊಪ್ಪು, ಎಳ್ಳು. ಆದರೆ ಕಾಳು ಸೊಪ್ಪಿನ ಕಬ್ಬಿಣವನ್ನು ಮೈ ಸುಲಭವಾಗಿ ಹೀರುವುದಿಲ್ಲ. ಅದೇ ತುತ್ತಿನ ಜೊತೆ ವಿಟಮಿನ್ ಸಿ ಇರುವ ಹಣ್ಣು ಬೇಕು: ಅರ್ಧ ಸೀಬೆಹಣ್ಣು, ಒಂದು ಕಿತ್ತಳೆ, ಎರಡು ತೊಳೆ ಚಕ್ಕೋತ, ಇಲ್ಲವೇ ಉಸಲಿಯ ಮೇಲೆ ಊಟದ ಹೊತ್ತಿಗೆ ಹಿಂಡಿಕೊಳ್ಳಲು ನಿಂಬೆಹೋಳು. ಬೆಳಗ್ಗೆಯೇ ಬಿಸಿ ಬಾಣಲೆಗೆ ಹಿಂಡಿದರೆ ವಿಟಮಿನ್ ಸಿ ಬಹಳಷ್ಟು ಹಾಳಾಗುತ್ತದೆ. ಮಾಂಸ ತಿನ್ನುವ ಮನೆಯಾದರೆ ಮಾಂಸ, ಮೀನಿನ ಕಬ್ಬಿಣ ಇನ್ನೂ ಚೆನ್ನಾಗಿ ಹತ್ತುತ್ತದೆ.

ಕಾಫಿ ನಾಡಿನಲ್ಲಿದ್ದುಕೊಂಡು ಹೇಳಲು ಕಷ್ಟ, ಆದರೂ ಹೇಳಲೇಬೇಕು: ಊಟದ ಜೊತೆಗೂ ಊಟವಾದ ಕೂಡಲೇಯೂ ಕಾಫಿ ಟೀ ಬೇಡ. ಒಂದು ಗಂಟೆಯಾದರೂ ಬಿಡುವಿರಲಿ, ಅದರಲ್ಲಿರುವ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ವೈದ್ಯರು ಕೊಟ್ಟ ಮಾತ್ರೆಗೆ ಡಬ್ಬಿ ಬದಲಿಯಾಗುವುದಿಲ್ಲ, ಮಾತ್ರೆ ನಿಲ್ಲಿಸಬೇಡಿ.

ಪ್ರ: ಮೊಳಕೆ ಕಟ್ಟಿದ ಹೆಸರುಕಾಳು ಲೋಳೆಯಾಗಿ ವಾಸನೆ ಬರುತ್ತದೆ. ಹಸಿಯಾಗಿಯೇ ಡಬ್ಬಿಗೆ ಹಾಕಬಹುದೇ?
– ಸಕಲೇಶಪುರ

ಉ: ನೀರು ನಿಂತು ಹೀಗಾಗುತ್ತದೆ. ಆರರಿಂದ ಎಂಟು ಗಂಟೆ ನೆನೆಸಿ, ಎರಡು ಸಲ ತೊಳೆದು, ಜರಡಿಯಲ್ಲಿ ಅರ್ಧ ಗಂಟೆ ಬಸಿದು ಆಮೇಲೆ ಬಟ್ಟೆಯಲ್ಲಿ ಕಟ್ಟಿ. ಗಂಟು ಸಡಿಲವಿರಲಿ, ಎಂಟು ಗಂಟೆಗೊಮ್ಮೆ ಬಿಚ್ಚಿ ತೊಳೆದು ಮತ್ತೆ ಬಸಿಯಿರಿ. ಬೇಸಿಗೆಯಲ್ಲಿ ಹನ್ನೆರಡು ಗಂಟೆಗೆ ಮೊಳಕೆ ಕಾಣುತ್ತದೆ, ನಿಮ್ಮೂರಿನ ಚಳಿಗೆ ಒಂದು ದಿನ ಬೇಕು. ಹುರಳಿಗೆ ಹನ್ನೆರಡು ಗಂಟೆ ನೆನೆಯುವುದೂ, ಅದಕ್ಕಿಂತ ಹೆಚ್ಚು ಹೊತ್ತು ಕಟ್ಟಿಡುವುದೂ ಬೇಕು. ಮೊಳಕೆ ಅರ್ಧ ಅಂಗುಲ ದಾಟುವವರೆಗೆ ಕಾಯಬೇಡಿ, ಕಹಿ ಬರುತ್ತದೆ.

ಹಸಿಯಾಗಿ ಡಬ್ಬಿಗೆ ಬೇಡ. ಮೊಳಕೆ ಬರಿಸುವ ಬೆಚ್ಚನೆ ತೇವವೇ ಬ್ಯಾಕ್ಟೀರಿಯಾಗೂ ಪ್ರಿಯ. ಇಡ್ಲಿ ಪಾತ್ರೆಯಲ್ಲಿ ಐದಾರು ನಿಮಿಷ ಹಬೆ ಕೊಟ್ಟು, ಹರವಿ ಆರಿಸಿ, ಒಗ್ಗರಣೆ ಹಾಕಿ. ಒಂದು ಲೋಟ ಒಣಕಾಳು ಮೊಳಕೆಯಾದಾಗ ಸುಮಾರು ಎರಡೂವರೆ ಲೋಟವಾಗುತ್ತದೆ, ಮೂರು ಡಬ್ಬಿಗೆ ಧಾರಾಳ.

ಪ್ರ: ಇಡ್ಲಿ, ದೋಸೆ ಜೊತೆ ಕಾಯಿಚಟ್ನಿ ಹಾಕಿದರೆ ಹಳಸುತ್ತದೆ. ಬದಲಿಗೆ ಏನು?
– ಬೇಲೂರು

ಉ: ಹುಚ್ಚೆಳ್ಳು ಚಟ್ನಿಪುಡಿ. ಈ ಸೀಮೆಯ ಡಬ್ಬಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಒಂದು ಲೋಟ ಹುಚ್ಚೆಳ್ಳನ್ನು ಮರಳು ಕಲ್ಲು ಹೋಗುವಂತೆ ಕೇರಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಕಪ್ಪು ಕಾಳು, ಬಣ್ಣ ನೋಡಿ ಗೊತ್ತಾಗುವುದಿಲ್ಲ, ಕಿವಿ ಕೊಡಬೇಕು. ಮೊದಲು ಒಂದೊಂದೇ ಚಟ್, ಆಮೇಲೆ ಸಾಲಾಗಿ ಚಟಪಟ. ಸದ್ದು ಜೋರಾಗಿ ಪರಿಮಳ ಎದ್ದ ಕೂಡಲೇ ಅಗಲದ ತಟ್ಟೆಗೆ ಸುರಿದುಬಿಡಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕಹಿಯಾಗುತ್ತದೆ. ಎಂಟು ಬ್ಯಾಡಗಿ ಮೆಣಸಿನಕಾಯಿ, ನೆಲ್ಲಿಕಾಯಿ ಗಾತ್ರದ ಹುಣಸೆ, ಕಾಲು ಲೋಟ ಒಣಕೊಬ್ಬರಿ ತುರಿ, ಕರಿಬೇವು ಇವನ್ನು ಬೇರೆಯಾಗಿ ಗರಿಗರಿ ಹುರಿದು, ಉಪ್ಪು ಸೇರಿಸಿ ಮೊದಲು ಪುಡಿ ಮಾಡಿ. ಹುಚ್ಚೆಳ್ಳನ್ನು ಕಡೆಯಲ್ಲಿ ಹಾಕಿ ತಡೆತಡೆದು ಎರಡು ಮೂರು ಸುತ್ತು ಮಾತ್ರ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಎಣ್ಣೆಯಂಶ ಹೆಚ್ಚಾದ್ದರಿಂದ ಬಹಳ ದಿನ ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ, ಒಂದು ತಿಂಗಳಿಗಾಗುವಷ್ಟೇ ಮಾಡಿ, ಮಳೆಗಾಲದಲ್ಲಿ ಹದಿನೈದು ದಿನಕ್ಕೆ. ಒದ್ದೆ ಚಮಚ ತಾಗಿಸಬೇಡಿ.

ಪ್ರ: ಹೊಲಕ್ಕೆ ಹೋಗುವ ಮಾವನವರಿಗೆ ಮುದ್ದೆಯೇ ಬೇಕು. ಮಧ್ಯಾಹ್ನಕ್ಕೆ ಮೇಲೆ ಸಿಪ್ಪೆ ಕಟ್ಟುತ್ತದೆ.
– ಅರಸೀಕೆರೆ

ಉ: ಸಿಪ್ಪೆ ಕಟ್ಟುವುದು ಗಾಳಿ ತಾಗಿ. ಒಂದು ಲೋಟ ಹಿಟ್ಟಿಗೆ ಎರಡೂಕಾಲು ಲೋಟ ನೀರಿಟ್ಟು ತಟ್ಟೆಯ ಮುದ್ದೆಗಿಂತ ತುಸು ಮೆತ್ತಗೆ ತೊಳಸಿ. ಗಂಟು ಉಳಿದರೆ ಒಳಗೆ ಹಸಿಹಿಟ್ಟು, ಹೊಟ್ಟೆನೋವು ಅಲ್ಲಿಂದಲೇ. ಮೇಲೆ ತುಪ್ಪ ಸವರಿ, ಬಾಡಿಸಿದ ಬಾಳೆಲೆಯಲ್ಲಿ ಬಿಗಿಯಾಗಿ ಸುತ್ತಿ, ಬಿಸಿನೀರಿನಲ್ಲಿ ಮೊದಲೇ ಕಾಯಿಸಿದ ಹಾಟ್‌ಬಾಕ್ಸಿನಲ್ಲಿ ಜಾಗ ಉಳಿಯದಂತೆ ಇಡಿ. ಹತ್ತಿರದ ಹೊಲವಾದರೆ ಮಧ್ಯಾಹ್ನ ಯಾರಾದರೂ ಒಯ್ದು ಕೊಡುವುದೇ ಚೆಂದ. ಜೊತೆಗೆ ಕಾಯಿ ಹಾಕದ ಉಪ್ಸಾರು, ಖಾರ ಬೇರೆಯಾಗಿ.

ಪ್ರ: ಅವರೆಕಾಳು ಉಪ್ಪಿಟ್ಟು ಡಬ್ಬಿಯಲ್ಲಿ ಪುಡಿಪುಡಿಯಾಗುತ್ತದೆ.
– ಚನ್ನರಾಯಪಟ್ಟಣ

ಉ: ಮನೆಗೆ ಒಂದಕ್ಕೆ ಎರಡೂವರೆ ನೀರು ಇಡುವವರು ಡಬ್ಬಿಗೆ ಮೂರು ಇಡಿ. ರವೆಯ ಬದಲು ಗೋಧಿನುಚ್ಚು ಹಾಕಿದರೆ ನಾರೂ ಸಿಗುತ್ತದೆ, ಬೇಗ ಒಣಗುವುದೂ ಇಲ್ಲ. ಅವರೆಕಾಳನ್ನು ಬೇರೆಯಾಗಿ ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಂತಾಗುವವರೆಗೆ ಬೇಯಿಸಿ ಸೇರಿಸಿ, ಬೆಂದ ನೀರನ್ನೇ ಉಪ್ಪಿಟ್ಟಿಗೆ ಬಳಸಿ. ಅರೆಬೆಂದ ಅವರೆಯಿಂದ ಕ್ಲಾಸಿನಲ್ಲಿ ಕೂತ ಮಗುವಿಗೆ ಹೊಟ್ಟೆ ಉಬ್ಬರ.

ಪ್ರ: ಬೇಯಿಸಿದ ಮೊಟ್ಟೆ ಡಬ್ಬಿ ತೆಗೆದಾಗ ನಾರುತ್ತದೆ, ಹಳದಿ ಭಂಡಾರದ ಸುತ್ತ ಹಸಿರು ಉಂಗುರ.
– ಚಿಕ್ಕಮಗಳೂರು

ಉ: ಹೆಚ್ಚು ಬೆಂದಿದೆ. ಬಿಳಿ ಭಾಗದ ಗಂಧಕವೂ ಭಂಡಾರದ ಕಬ್ಬಿಣವೂ ಸೇರಿ ಆ ಬಣ್ಣ, ಆ ವಾಸನೆ. ತಿಂದರೆ ತೊಂದರೆಯೇನಿಲ್ಲ. ನೀರು ಕುದಿ ಬಂದ ಮೇಲೆ ಹತ್ತು ನಿಮಿಷ, ಕೂಡಲೇ ತಣ್ಣೀರಿಗೆ. ಸಿಪ್ಪೆ ಸಮೇತ ಒರೆಸಿ ಡಬ್ಬಿಗೆ ಹಾಕಿ, ಮೆಣಸು ಉಪ್ಪು ಬೇರೆ ಪೊಟ್ಟಣದಲ್ಲಿ.

ಪ್ರ: ತೋಟದ ಬೆಣ್ಣೆಹಣ್ಣು ಹೆಚ್ಚಿ ಹಾಕಿದರೆ ಕಪ್ಪಾಗುತ್ತದೆ. ಡಬ್ಬಿಯ ಮುಚ್ಚಳವೂ ಎಷ್ಟು ತೊಳೆದರೂ ವಾಸನೆ.
– ಕೊಪ್ಪ

ಉ: ಹೆಚ್ಚಬೇಡಿ. ಅರ್ಧ ಮಾಡಿ, ಬೀಜ ಇರುವ ಅರ್ಧವನ್ನೇ ಕೊಟ್ಟು ಕಳಿಸಿ, ಕೊಯ್ದ ಮೈಗೆ ನಿಂಬೆರಸ ಸವರಿ, ಗಾಳಿಯಾಡದ ಹಾಗೆ ಬಾಳೆಲೆ ಒತ್ತಿ ಮುಚ್ಚಿ. ತಿನ್ನುವಾಗ ಚಮಚದಲ್ಲಿ ತೋಡಿಕೊಳ್ಳಲಿ. ಸೀಬೆ, ಸೇಬು ಹೆಚ್ಚಿದರೆ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಹಾಕಿ ಐದು ನಿಮಿಷ ಅದ್ದಿ, ತೊಳೆದು ಒರೆಸಿ.

ವಾಸನೆ ಮುಚ್ಚಳದ್ದಲ್ಲ, ಒಳಗಿನ ರಬ್ಬರ್ ಉಂಗುರದ್ದು. ಚಮಚದ ಹಿಡಿಯಿಂದ ಎಬ್ಬಿಸಿದರೆ ಹೊರಗೆ ಬರುತ್ತದೆ, ಅದು ಕೂತಿದ್ದ ಕಾಲುವೆಯಲ್ಲಿ ಕಪ್ಪು ಬೂಷ್ಟು ಕಾಣುತ್ತದೆ. ಅಡುಗೆ ಸೋಡ ಕದಡಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಾಲುವೆಯನ್ನೂ ತಿಕ್ಕಿ, ಎರಡನ್ನೂ ಪೂರ್ತಿ ಒಣಗಿಸಿ ಕೂರಿಸಿ. ರಾತ್ರಿ ಡಬ್ಬಿಯನ್ನು ಮುಚ್ಚಳ ಹಾಕದೆ ಬೋರಲು ಇಡಿ. ಉಂಗುರ ಹಿಗ್ಗಿದ್ದರೆ ಅದನ್ನಷ್ಟೇ ಪಾತ್ರೆ ಅಂಗಡಿಯಲ್ಲಿ ಬದಲಿಸಿಕೊಳ್ಳಬಹುದು.